ಬದಿಯಡ್ಕದ ಅಡಿಕೆ ಅಂಗಡಿಗೆ ಎಂಥ ರೂಟರ್ ಬೇಕು? ವಿಲ್ಯಾನ್, ವಿಪಿಎನ್ ಎಲ್ಲ ಅಗತ್ಯವೇ?

ನೀವು ಹೇಳಿದ್ದು: ಬಿಲ್ಲಿಂಗ್ ಕಂಪ್ಯೂಟರ್ ಎರಡು, ಎಂಟು ಕ್ಯಾಮೆರಾದ ಡಿವಿಆರ್ (ದೃಶ್ಯ ರೆಕಾರ್ಡ್ ಮಾಡುವ ಸಾಧನ), ಗಿರಾಕಿಗಳಿಗೆ ವೈಫೈ, ಫೈಬರ್ ಕೈಕೊಟ್ಟಾಗ 4ಜಿ, ಮನೆಯಿಂದ ಲೆಕ್ಕ ನೋಡುವ ಸೌಕರ್ಯ. ಪೆಟ್ಟಿಗೆಯ ಮೇಲಿನ ವೈಫೈ ವೇಗ ನೋಡಿ ಕೊಳ್ಳಬೇಡಿ. ಎರಡು ವಾನ್ ಪೋರ್ಟ್ (ಇಂಟರ್ನೆಟ್ ಲೈನ್ ಬಂದು ಸೇರುವ ಜಾಗ), 802.1ಕ್ಯೂ ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವಿಧಾನ), ವಿಪಿಎನ್‌ಗೆ (ಹೊರಗಿನಿಂದ ಅಂಗಡಿಯ ನೆಟ್‌ವರ್ಕಿಗೆ ಭದ್ರವಾಗಿ ಬರುವ ದಾರಿಗೆ) ವೈರ್‌ಗಾರ್ಡ್ ಅಥವಾ ಐಪಿಸೆಕ್, ಇಷ್ಟಿದ್ದರೆ ಸಾಕು. ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟ್ (ವೈಫೈ ಬಿತ್ತರಿಸುವ ಸಾಧನ) ಹಾಕಿ. ಪ್ರತಿ ವೈಫೈ ಹೆಸರಿಗೆ ಬೇರೆ ವಿಲ್ಯಾನ್ ಕೊಡಲು ಅದಕ್ಕೆ ಬರಬೇಕು.

ವಿಲ್ಯಾನ್ ಮೂರು ಮಾಡಿ: 10 ಬಿಲ್ಲಿಂಗ್ ಮತ್ತು ಪ್ರಿಂಟರ್‌ಗೆ, 20 ಡಿವಿಆರ್‌ಗೆ, 30 ಗಿರಾಕಿಗಳಿಗೆ. ಹೆಚ್ಚಿನವರು ಎಡವುವುದು ಇದರ ನಂತರ. ವಿಲ್ಯಾನ್ ಮಾಡಿದ ಮಾತ್ರಕ್ಕೆ ಗೋಡೆ ಎದ್ದ ಹಾಗಲ್ಲ. ಎಷ್ಟೋ ರೂಟರ್‌ಗಳು ಒಂದರಿಂದ ಇನ್ನೊಂದಕ್ಕೆ ದಾರಿ ತೆರೆದೇ ಇಟ್ಟಿರುತ್ತವೆ. ಫೈರ್‌ವಾಲ್‌ನಲ್ಲಿ (ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬ ನಿಯಮ ಬರೆಯುವ ಜಾಗದಲ್ಲಿ) 20ರಿಂದ 10ಕ್ಕೆ, 30ರಿಂದ 10 ಮತ್ತು 20ಕ್ಕೆ ತಡೆ ಹಾಕಿ. 30ರಿಂದ ರೂಟರ್‌ನ ಅಡ್ಮಿನ್ ಪುಟವೂ ತೆರೆಯಬಾರದು. ಗಿರಾಕಿ ವೈಫೈಗೆ ಮೊಬೈಲ್ ಸೇರಿಸಿ ಪ್ರಿಂಟರ್‌ನ ಐಪಿಗೆ ಪಿಂಗ್ (ಉತ್ತರ ಬರುತ್ತದೆಯೇ ಎಂಬ ಪರೀಕ್ಷೆ) ಮಾಡಿ ನೋಡಿ. ಉತ್ತರ ಬಂದರೆ ನಿಯಮ ತಪ್ಪಿದೆ.

ಡಿವಿಆರ್ ಹೊರಗಿನಿಂದ ಕಾಣಲೆಂದು ಪೋರ್ಟ್ ಫಾರ್ವರ್ಡ್ (ಹೊರಗಿನವರಿಗೆ ರೂಟರ್‌ನಲ್ಲಿ ಬಾಗಿಲು ತೆರೆಯುವುದು) ಮಾಡಲೇಬೇಡಿ, ಅದನ್ನು ತಾನಾಗಿಯೇ ಮಾಡುವ ಯುಪಿಎನ್‌ಪಿಯನ್ನೂ ಆಫ್ ಮಾಡಿ. 2016ರ ಮಿರಾಯ್ ಎಂಬ ಮಾಲ್‌ವೇರ್‌ನ ದಾಳಿಗೆ ಸಿಕ್ಕಿದ್ದು ಪಾಸ್‌ವರ್ಡ್ ಬದಲಿಸದ ಇಂಥ ಡಿವಿಆರ್, ಕ್ಯಾಮೆರಾಗಳೇ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದ್ದರೆ ಅದರ ಫೈರ್‌ವಾಲ್ ಆನ್ ಇದೆಯೇ ಎಂದು ಪ್ರತ್ಯೇಕವಾಗಿ ನೋಡಿ. ಅಲ್ಲಿ ಒಳಗಿನ ಸಾಧನಗಳನ್ನೆಲ್ಲ ಒಂದೇ ಐಪಿಯ ಹಿಂದೆ ಇಡುವ ನ್ಯಾಟ್‌ನ ಮರೆ ಇರುವುದಿಲ್ಲ.

ಮನೆಯಿಂದ ನೋಡಲು ವಿಪಿಎನ್ ಸರಿಯಾದ ದಾರಿ. ಪಿಪಿಟಿಪಿ ಎಂಬ ಬಗೆ ಹಳತು, ಭದ್ರವಲ್ಲ, ಬೇಡ. ಆದರೆ ಮೊದಲು ರೂಟರ್‌ನ ವಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಇಂಟರ್ನೆಟ್ ಕಂಪನಿಯ ಸಿಜಿನ್ಯಾಟ್ (ಹಲವು ಗಿರಾಕಿಗಳಿಗೆ ಒಂದೇ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಹೊರಗಿನಿಂದ ವಿಪಿಎನ್ ಬಾಗಿಲಿಗೇ ಮುಟ್ಟದು. 192.168 ಎಂದಿದ್ದರೆ ಫೈಬರ್ ಪೆಟ್ಟಿಗೆಯೇ ಇನ್ನೊಂದು ನ್ಯಾಟ್ ಮಾಡುತ್ತಿದೆ. ಅದನ್ನು ನ್ಯಾಟ್ ಮಾಡದೆ ಲೈನ್ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಪಿಪಿಪಿಒಇ (ಲೈನ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ನಿಮ್ಮ ರೂಟರ್‌ಗೆ ಕೊಡಿ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492. ಸಿಜಿನ್ಯಾಟ್ ಆದರೆ ಸ್ಟ್ಯಾಟಿಕ್ (ಬದಲಾಗದ) ಐಪಿ ಕೇಳಿ; ಅದು ಸಿಗದಿದ್ದರೆ ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಟೇಲ್‌ಸ್ಕೇಲ್ ಎಂಬ ವಿಪಿಎನ್ ತಂತ್ರಾಂಶ ಹಾಕಿದರೂ ಕೆಲಸ ನಡೆಯುತ್ತದೆ.

ಎರಡು ಲೈನ್‌ಗೆ ಲೋಡ್ ಬ್ಯಾಲೆನ್ಸಿಂಗ್ (ಎರಡನ್ನೂ ಒಟ್ಟಿಗೆ ಬಳಸುವುದು) ಬೇಡ, ಒಂದು ನಿಂತಾಗ ಇನ್ನೊಂದಕ್ಕೆ ಹೋಗುವ ಫೇಲ್‌ಓವರ್ ಸಾಕು. ನಡುವೆ ಐಪಿ ಬದಲಾದರೆ ಬ್ಯಾಂಕಿನ ಸೈಟ್‌ಗಳು ಹೊರಹಾಕುವುದುಂಟು. ಲೈನ್ ಪರೀಕ್ಷೆಗೆ ಗೇಟ್‌ವೇ ಬದಲು ಇಂಟರ್ನೆಟ್‌ನ ಸಾರ್ವಜನಿಕ ಸರ್ವರ್‌ಗಳಾದ 1.1.1.1 ಮತ್ತು 8.8.8.8ಕ್ಕೆ ಪಿಂಗ್ ಇಡಿ. ದಾರಿಯಲ್ಲೆಲ್ಲೋ ಫೈಬರ್ ತುಂಡಾದರೂ ಫೈಬರ್ ಪೆಟ್ಟಿಗೆಗೆ ಹೋದ ಕೇಬಲ್‌ನ ಲೈಟ್ ಉರಿಯುತ್ತಲೇ ಇರುತ್ತದೆ, ರೂಟರ್ ಲೈನ್ ಇದೆ ಎಂದೇ ತಿಳಿಯುತ್ತದೆ.

ಇನ್ನು ಸಿಡಿಲು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಗಳು ನಮ್ಮ ಕಡೆ ಹೇಗಿರುತ್ತವೆಂದು ನಿಮಗೇ ಗೊತ್ತು. ಹೊರಗಿನ ಕ್ಯಾಮೆರಾದ ತಾಮ್ರದ ಕೇಬಲ್ ಹಿಡಿದು ಬಂದ ಏಟು ಡಿವಿಆರ್ ದಾಟಿ ರೂಟರ್‌ಗೂ ತಾಗುತ್ತದೆ. ನಾನಾದರೆ ಇವೆರಡರ ನಡುವೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್‌ಗೆ ಫೈಬರ್ ಜೋಡಿಸುವ ಸಾಧನ) ಇಟ್ಟು, ವಿದ್ಯುತ್ ಹರಿಯದ ಚಿಕ್ಕ ಫೈಬರ್ ಪ್ಯಾಚ್‌ಕಾರ್ಡ್ ಹಾಕುತ್ತೇನೆ. ಕನ್ವರ್ಟರ್‌ಗಳಿಗೆ ಬೇರೆ ಬೇರೆ ಅಡಾಪ್ಟರ್. ಕರೆಂಟ್ ಲೈನ್‌ನಿಂದ ಬರುವ ಏಟನ್ನು ಇದು ತಡೆಯದು, ಹಾಗಾಗಿ ರಾತ್ರಿ ಅಂಗಡಿ ಮುಚ್ಚುವಾಗ ರೂಟರ್‌ನ ಪ್ಲಗ್ ಕೀಳುವುದು ಒಳ್ಳೆಯದು. ಡಿವಿಆರ್‌ನ ಪ್ಲಗ್ ಕಿತ್ತರೆ ರೆಕಾರ್ಡಿಂಗ್ ನಿಲ್ಲುತ್ತದೆ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ತಿಂಗ್ ಮಾಡಿಸಿ.