ಸ್ಕ್ಯಾನ್ ನಾರ್ಮಲ್ ಬಂದ ಮೇಲೂ

ತಲೆಗೆ ಪೆಟ್ಟು ಬಿದ್ದು, ಡಿಸ್ಚಾರ್ಜ್ ಚೀಟಿಯಲ್ಲಿ 'ಮೈಲ್ಡ್', ಅಂದರೆ ಸಣ್ಣ ಪೆಟ್ಟು ಅಂತ ಬರೆಸಿಕೊಂಡು, ತಿಂಗಳುಗಟ್ಟಲೆ ಒದ್ದಾಡಿ ನನ್ನ ಬಳಿ ಬರುವವರು ಇದ್ದೇ ಇರುತ್ತಾರೆ. ಇವರಲ್ಲೊಬ್ಬರ ವಿಷಯ ಬರೆಯಲು ಕಾರಣ ಬೇರೆ. ಬೇಗ ಸಾಯುತ್ತೇನೆ ಅಂತ ಹೆದರಿದ್ದ ಅವರಿಗೆ ನಾನು ಕೊಟ್ಟ ಉತ್ತರ ಸರಿಯಲ್ಲ ಅಂತ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ನಲವತ್ತರ ಆಸುಪಾಸಿನ ಗಂಡಸು, ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಹಂಪ್ ಕಾಣದೆ ಬೈಕಿನಿಂದ ಬಿದ್ದರು. ಐದು ನಿಮಿಷ ಜ್ಞಾನ ಇರಲಿಲ್ಲ. ಸ್ಕ್ಯಾನ್ ನಾರ್ಮಲ್, ಮರುದಿನ ಮನೆಗೆ. ನಾಲ್ಕು ತಿಂಗಳಾದರೂ ತಲೆನೋವು, ಸಿಡುಕು, ಕೂಡಿದ ಲೆಕ್ಕವನ್ನೇ ಮತ್ತೆ ಕೂಡುವುದು. "ಏನೂ ಇಲ್ಲ ಅಂದ್ರಲ್ಲ, ಮತ್ಯಾಕೆ ಹಿಂಗಾಡ್ತಾರೆ?" ಅಂತ ಹೆಂಡತಿ.

ಮೂರನೇ ಸಲ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಎಲ್‌ಐಸಿ ಬಾಂಡು, ಪಾಸ್‌ಬುಕ್ಕು, ಗಾಡಿಯ ಆರ್‌ಸಿ ಒಂದೊಂದೇ ಮೇಜಿನ ಮೇಲಿಟ್ಟರು. "ಇವಳಿಗೆ ಎಲ್ಲಾ ನಿಮ್ಮ ಮುಂದೇನೇ ಹೇಳಿಬಿಡ್ತೀನಿ ಮೇಡಂ. ತಲೆಗೆ ಸಣ್ಣ ಪೆಟ್ಟು ಬಿದ್ದವರೂ ಬೇಗ ಹೋಗ್ತಾರಂತೆ. ಫೋನಲ್ಲಿ ಓದಿದೆ."

ಸಾಯುವ ಯೋಚನೆ ಬರುತ್ತದಾ ಅಂತ ಮೊದಲು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಹುಳ ಬಿಟ್ಟಂತೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಣ್ಣ ಪೆಟ್ಟಿನ ನಂತರವೂ ಆತ್ಮಹತ್ಯೆ ಜಾಸ್ತಿ ಅಂತ ಡೆನ್ಮಾರ್ಕಿನ ದಾಖಲೆಗಳು ತೋರಿಸಿವೆ. ಇಲ್ಲ, ಭಯ ಅಷ್ಟೇ ಅಂದರು.

"ನೀವು ಓದಿದ್ದು ಸುಳ್ಳಲ್ಲ" ಅಂದೆ. ಸಹೋದ್ಯೋಗಿಗೆ ಹಿಡಿಸದ್ದು ಇದೇ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ 1995-96ರಲ್ಲಿ ತಲೆಪೆಟ್ಟಿನಿಂದ ಆಸ್ಪತ್ರೆ ಸೇರಿದವರನ್ನು 13 ವರ್ಷ ಗಮನಿಸಿದ್ದರು. ಅವರಲ್ಲಿ ಸಾವು ಊರಿನ ಇತರರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಮೈಲ್ಡ್ ಪೆಟ್ಟಿನವರೂ ಅದರಲ್ಲಿದ್ದರು. ಅರ್ಧ ಓದಿ ಹೆದರಿದವರಿಗೆ ಉಳಿದರ್ಧ ಹೇಳದೆ 'ಏನೂ ಆಗಲ್ಲ' ಅಂದರೆ ನಂಬುತ್ತಾರಾ? ಆ ಸಾವುಗಳೆಲ್ಲ ಪೆಟ್ಟಿನಿಂದಲೇ ಆದವಲ್ಲ. ಕುಡಿತ, ಮೊದಲೇ ಇದ್ದ ಕಾಯಿಲೆ, ಬದುಕಿನ ರೀತಿ ಎಲ್ಲ ಸೇರಿಕೊಂಡಿರುತ್ತವೆ.

"ನೀವು ಎಷ್ಟು ತಗೋತೀರಿ?"

"ಶನಿವಾರ ಮಾತ್ರ."

"ದಿನಾ" ಅಂದರು ಹೆಂಡತಿ, ಬಾಂಡಿನ ಮೇಲೇ ಕಣ್ಣಿಟ್ಟು. "ಬಿದ್ದಾಗಿಂದ. ನಿದ್ದೆ ಬರಲ್ಲ ಅಂತ."

ಆಮೇಲಿನ ಮಾತೆಲ್ಲ ಇದರ ಸುತ್ತಲೇ. ಕುಡಿತ ಬಿಡಿ, ಇನ್ನೊಮ್ಮೆ ಬೀಳಿಸುವುದೂ ಅದೇ, ನಿದ್ದೆ ಕೆಡಿಸುವುದೂ ಅದೇ. ಆದರೆ ದಿನಾ ಕುಡಿಯುವವರು ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು. ಅಂಗಡಿಗೆ ಸದ್ಯ ಅರ್ಧ ದಿನ ಹೋಗಿ. ದಿನಾ ನೋವಿನ ಮಾತ್ರೆ ನುಂಗಿದರೆ ಅದರಿಂದಲೇ ತಲೆನೋವು ಬರಬಹುದು. ತಲೆನೋವು ಏರುತ್ತಾ ಹೋದರೆ, ವಾಂತಿ, ಮಂಪರು, ಕೈಕಾಲು ಸೋತಂತಾದರೆ ನನ್ನ ಹತ್ತಿರ ಬರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ರಕ್ತ ನಿಧಾನಕ್ಕೆ ಜಿನುಗಿ, ವಾರಗಳ ನಂತರ ತೊಂದರೆ ಕೊಡುವುದುಂಟು. ಹೆಂಡತಿಗೂ ಹೇಳಿದೆ: ಸ್ಕ್ಯಾನ್‌ಗೆ ಎಲ್ಲವೂ ಕಾಣುವುದಿಲ್ಲ. ಹೆಚ್ಚಿನವರು ಮೂರು ತಿಂಗಳೊಳಗೆ ಸರಿಹೋಗುತ್ತಾರೆ, ಕೆಲವರಿಗೆ ತಡವಾಗುತ್ತದೆ. ಇದು ನಾಟಕವಲ್ಲ.

ಯುಗಾದಿ ಕಳೆದ ಮೇಲೆ ಬಂದರು. ಹೊಸತೊಡಕಿನ ದಿನ ಒಂದು ಕ್ವಾರ್ಟರ್ ಹಾಕಿದೆ ಅಂತ ತಾವೇ ಒಪ್ಪಿಕೊಂಡರು. ಬೈಕಲ್ಲೇ ಬಂದಿದ್ದರು. ಈ ಸಲ ಮೇಜಿನ ಮೇಲಿಟ್ಟದ್ದು ಕಿವಿ ಮುಚ್ಚುವ ಹೊಸ ಹೆಲ್ಮೆಟ್ಟು. ಹೋಗುವಾಗ ಅದನ್ನು ಅಲ್ಲೇ ಮರೆತು, ಅರ್ಧ ಮೆಟ್ಟಿಲಿಳಿದು ವಾಪಸ್ ಬಂದರು.