ಅಪ್ಪ ಹಾಕಿದ ಜಾಮೀನಿಗೆ ನಾನ್ಯಾಕೆ ದುಡ್ಡು ಕೊಡಬೇಕು?

ಪ್ರಶ್ನೆ: ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ವಯಸ್ಸು 27. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಎರಡು ವರ್ಷದಿಂದ ಅಮೆರಿಕದ ಲೇಖಕಿ ಐನ್ ರ‍್ಯಾಂಡ್ ಓದುತ್ತಿದ್ದೇನೆ. ವಿಚಾರಬುದ್ಧಿ, ವ್ಯಕ್ತಿ ಸ್ವಾತಂತ್ರ್ಯ, ಮುಕ್ತ ಮಾರುಕಟ್ಟೆ, ಬದುಕಲು ಇಷ್ಟು ಸಾಕು ಅಂತ ಮನವರಿಕೆಯಾಗಿದೆ. ಆರು ವರ್ಷದ ಹಿಂದೆ ಅಪ್ಪ, ನಮ್ಮ ಅಪ್ಪಚ್ಚಿಯ ಅಂದರೆ ಚಿಕ್ಕಪ್ಪನ ಸಾಲಕ್ಕೆ ಜಾಮೀನು ನಿಂತಿದ್ದರು. ಅಪ್ಪಚ್ಚಿ ಕಂತು ಕಟ್ಟಲಿಲ್ಲ. ಈಗ ಅಪ್ಪನಿಗೆ ಬ್ಯಾಂಕಿನ ನೋಟಿಸ್ ಬಂದಿದೆ. "ಸಹಿ ಹಾಕಿದ್ದೇನೆ ಮಗ, ಕಟ್ಟಬೇಕು" ಅಂತ ಹೇಳಿ ಮೂರು ಲಕ್ಷ ಕೇಳಿದರು. ಸ್ವಂತ ಕಂಪನಿ ಶುರು ಮಾಡಬೇಕೆಂದು ನಾನು ಏಳು ಲಕ್ಷ ಕೂಡಿಟ್ಟಿದ್ದೇನೆ. ಕೊಡುವುದಿಲ್ಲ ಅಂದೆ. ಇನ್ನೊಬ್ಬರಿಗಾಗಿಯೇ ಬದುಕಿದ ನೀವೊಬ್ಬ ಬಲಿಪಶು ಅಂತಲೂ ಅಂದುಬಿಟ್ಟೆ. ಅಪ್ಪ ಅಡಿಕೆ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಅದೇ ವಾರ ತೋಡಿಗೆ ಅಂದರೆ ಸಣ್ಣ ಹಳ್ಳಕ್ಕೆ ಕಟ್ಟ ಹಾಕಲು ನಮ್ಮ ಪಾಲಿನ 3,000 ರೂಪಾಯಿ ಕೇಳಿಕೊಂಡು ನೆರೆಮನೆಯವರು ಬಂದಾಗ ಅವರನ್ನೂ ವಾಪಸ್ ಕಳಿಸಿದೆ. ಭೂಸುಧಾರಣೆಯಲ್ಲಿ ನಮ್ಮ ಅಜ್ಜನ ಗದ್ದೆ ಹೋದದ್ದು ಅವರ ಮನೆಗೇ. ಈಗ ಅಪ್ಪ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆ ಅಂದರೆ ರಾತ್ರಿಯಿಡೀ ಕೂರುವ ಅಪ್ಪ, ನಾನು ಬಾಯಿ ತೆರೆದರೆ ಎದ್ದು ಹೋಗುತ್ತಾರೆ. ನಂಬಿದ್ದನ್ನು ಬಿಟ್ಟು ನಾನು ಕ್ಷಮೆ ಕೇಳಬೇಕಾ? ಅಥವಾ ಮನೆ ಬಿಟ್ಟು ಹೋಗಬೇಕಾ?

ಉತ್ತರ: ನಿಮ್ಮ ಪತ್ರ ಇಲ್ಲಿ ಹಾಕಿದ್ದಕ್ಕಿಂತ ತುಂಬ ಉದ್ದ ಇತ್ತು. ಮುಕ್ಕಾಲು ಭಾಗ ಪುಸ್ತಕದ ವಾದವೇ. ನಾನು ಎರಡೆರಡು ಸಲ ಓದಿದ್ದು ಮಾತ್ರ ಒಂದೇ ಸಾಲು, ಅಪ್ಪ ತಲೆ ಎತ್ತಲಿಲ್ಲ ಅನ್ನೋದು. ಅದನ್ನು ಬರೆದಿದ್ದೀರಿ ಅಂದಮೇಲೆ ಅದು ನಿಮ್ಮನ್ನು ಬಿಟ್ಟಿಲ್ಲ.

ಮೊದಲು ದುಡ್ಡಿನ ವಿಚಾರ ನೇರವಾಗಿ ಹೇಳಿಬಿಡುತ್ತೇನೆ. ಆ ಏಳು ಲಕ್ಷ ನಿಮ್ಮದು. ಅಪ್ಪಚ್ಚಿಯ ಸಾಲ ನಿಮ್ಮದಲ್ಲ, ನೀವು ಸಹಿ ಹಾಕಿಲ್ಲ. ಕೊಡುವುದಿಲ್ಲ ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ, ಹಾಗಂದದ್ದಕ್ಕೆ ನೀವು ಕೆಟ್ಟ ಮಗ ಆಗುವುದಿಲ್ಲ. ನಮ್ಮ ಕಡೆ ದುಡಿಯುವ ಮಗನ ಸಂಬಳ ಅಂದರೆ ಇಡೀ ಕುಟುಂಬದ ಪೆಟ್ಟಿಗೆ ಅಂತ ಲೆಕ್ಕ. ಅದರಿಂದ ಎಷ್ಟು ಹುಡುಗರು ನಲವತ್ತಕ್ಕೆ ಕೈ ಖಾಲಿ ಮಾಡಿಕೊಂಡು ಒಳಗೊಳಗೇ ಸಿಟ್ಟು ಕಾಯಿಸಿಕೊಂಡು ಕೂತಿದ್ದಾರೆ ಅನ್ನೋದನ್ನು ಈ ಅಂಕಣ ಬರೆಯುತ್ತಾ ನೋಡಿದ್ದೇನೆ. ನಿಮ್ಮ ಜೀವನ ನಿಮ್ಮದು ಅನ್ನುವ ಮಾತನ್ನು ಇಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಲೇಬೇಕಿತ್ತು. ನಾನೂ ಇಪ್ಪತ್ತಮೂರನೇ ವಯಸ್ಸಲ್ಲಿ ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗಿ ಬರುತ್ತಾ ಐನ್ ರ‍್ಯಾಂಡ್ ಅವರ 1957ರ ಆ ಸಾವಿರಕ್ಕೂ ಜಾಸ್ತಿ ಪುಟದ ಕಾದಂಬರಿ 'ಅಟ್ಲಾಸ್ ಶ್ರಗ್ಡ್' ಓದಿದವಳು. ಅವತ್ತು ಅದು ನನಗೆ ಧೈರ್ಯ ಕೊಟ್ಟಿತ್ತು, ಆ ಋಣವನ್ನು ಇವತ್ತಿಗೂ ನಾನು ಇಲ್ಲ ಅನ್ನುವುದಿಲ್ಲ.

ಆದರೆ ಬಲಿಪಶು ಅಂದಿರಲ್ಲ, ಅಲ್ಲಿ ನಿಮ್ಮ ತರ್ಕ ತಪ್ಪಿದೆ. ನಿಮ್ಮ ಪುಸ್ತಕದ ಲೆಕ್ಕದಲ್ಲೇ ತಪ್ಪಿದೆ.

ನೋಡಿ, ಐನ್ ರ‍್ಯಾಂಡ್ ಯಾವುದಕ್ಕೆ ಜಾಸ್ತಿ ಬೆಲೆ ಕೊಟ್ಟರು? ಒಬ್ಬ ಮನುಷ್ಯ ಯಾರ ಬಲವಂತವೂ ಇಲ್ಲದೆ ತಾನೇ ಯೋಚಿಸಿ ತೀರ್ಮಾನ ಮಾಡುವುದಕ್ಕೆ, ಕೊಟ್ಟ ಮಾತು ಉಳಿಸಿಕೊಳ್ಳುವುದಕ್ಕೆ, ತನ್ನ ತಪ್ಪಿನ ಬೆಲೆ ತಾನೇ ತೆರುವುದಕ್ಕೆ. ನಿಮ್ಮ ಅಪ್ಪ ಅದನ್ನೇ ಮಾಡುತ್ತಿದ್ದಾರೆ. ಬ್ಯಾಂಕಿಗೆ ಹೋಗಿ ಜಾಮೀನು ಹಾಕಿದ್ದು ಅವರು. ತಮ್ಮನ ಮೇಲೆ ಇಟ್ಟ ನಂಬಿಕೆ ಸುಳ್ಳಾಯಿತು. ಈಗ ಅವರು ಓಡಿ ಹೋಗಲಿಲ್ಲ, ಬ್ಯಾಂಕಿನವರನ್ನು ಬೈಯಲಿಲ್ಲ, ಸಾಲ ಮನ್ನಾ ಆಗಲಿ ಅಂತ ಯಾವ ಶಾಸಕರ ಮನೆಗೂ ಅಲೆದ ಹಾಗೆ ಕಾಣುವುದಿಲ್ಲ. ಸಹಿ ಹಾಕಿದ್ದೇನೆ, ಕಟ್ಟಬೇಕು ಅಂದರು. ಕರಾರಿನ ಮೇಲೆ ನಿಂತ ಮುಕ್ತ ಮಾರುಕಟ್ಟೆ ನಡೆಯುವುದೇ ಇಂಥವರಿಂದ ಅಲ್ವಾ? ನಿಮ್ಮ ಮನೆಯಲ್ಲಿ ಆ ತತ್ವದ ಪ್ರಕಾರ ಬದುಕುತ್ತಿರುವವರು ಸದ್ಯಕ್ಕೆ ಅವರೊಬ್ಬರೇ ಅಂತ ನನಗನಿಸುತ್ತದೆ. ಅವರಿಗೇ ನೀವು ಬಲಿಪಶು ಅಂದಿರಿ.

ಪ್ರೀತಿಸುವವರಿಗೆ ಕೊಡುವುದು ತ್ಯಾಗ ಅಂತ ಆ ತತ್ವ ಹೇಳುವುದೂ ಇಲ್ಲ. ಹೆಂಡತಿಯ ಕಾಯಿಲೆ ವಾಸಿ ಮಾಡಲು ಗಂಡ ಇದ್ದಬದ್ದ ಆಸ್ತಿಯನ್ನೆಲ್ಲ ಖರ್ಚು ಮಾಡಿದರೆ ಅದು ತ್ಯಾಗ ಅಲ್ಲ, ಅವನಿಗೆ ಅವಳೇ ಮುಖ್ಯ, ತನಗೆ ಬೇಕಾದ್ದನ್ನೇ ಅವನು ಮಾಡುತ್ತಿದ್ದಾನೆ ಅನ್ನುವುದು ಅವರದೇ ವಾದ. 1926ರಲ್ಲಿ ಅವರು ಅಮೆರಿಕಕ್ಕೆ ಹೋದಾಗ ಮೊದಲ ಕೆಲವು ತಿಂಗಳು ಉಳಿದುಕೊಂಡದ್ದು ಷಿಕಾಗೋದಲ್ಲಿದ್ದ ನೆಂಟರ ಮನೆಯಲ್ಲಿ. ಸಹಾಯ ಪಡೆಯುವುದರಲ್ಲಿ, ಮಾಡುವುದರಲ್ಲಿ ನಾಚಿಕೆಯೇನಿಲ್ಲ. ಅವರು ಬೇಡ ಅಂತಿದ್ದದ್ದು, ಇಷ್ಟ ಇಲ್ಲದೆ, ಬರೀ ಕರ್ತವ್ಯ ಅನ್ನುವ ಹೆಸರಲ್ಲಿ, ಹಲ್ಲು ಕಚ್ಚಿಕೊಂಡು ಕೊಡುವುದು.

ಹಾಗಾಗಿ ಕರ್ತವ್ಯ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬಿಡಿ. ಅಪ್ಪ ನಿಮಗೆ ಎಷ್ಟು ಮುಖ್ಯ? ಇದನ್ನು ಪುಸ್ತಕ ಹೇಳಲಾರದು, ನಾನೂ ಹೇಳಲಾರೆ. ನೀವು ಉತ್ತರ ಕೊಟ್ಟದ್ದು ಪುಸ್ತಕದ ಮಾತಲ್ಲಿ, ಅದೂ ಯೋಚನೆ ಮಾಡುವ ಮೊದಲೇ. ಸ್ವಂತ ಬುದ್ಧಿಯಿಂದ ಬದುಕು ಅನ್ನುವ ತತ್ವವನ್ನು ಇನ್ನೊಬ್ಬರ ಬಾಯಿಂದ ತಂದು ಅಪ್ಪನ ಮುಂದೆ ಇಟ್ಟಿರಿ. ಒಂದು ರಾತ್ರಿ ಯಾವ ಪುಸ್ತಕವೂ ಇಲ್ಲದೆ ಸುಮ್ನೆ ಕೂತು ಲೆಕ್ಕ ಹಾಕಿ. ನೋಟಿಸ್ ಕೈಯಲ್ಲಿ ಹಿಡಿದುಕೊಂಡ ಅರವತ್ತು ದಾಟಿದ ಅಪ್ಪ ಒಂದು ಕಡೆ, ಕಂಪನಿ ಒಂದು ವರ್ಷ ತಡ ಆಗುವುದು ಇನ್ನೊಂದು ಕಡೆ. ಆಮೇಲೂ ಉತ್ತರ ಇಲ್ಲ ಅಂತಲೇ ಬಂದರೆ ಇಲ್ಲ ಅಂತಲೇ ಹೇಳಿ. ಆಗ ಅದು ನಿಮ್ಮ ಉತ್ತರ.

ನನ್ನನ್ನು ಕೇಳಿದರೆ, ಕೊಡಿ ಅನ್ನುತ್ತೇನೆ. ಮೂರು ಲಕ್ಷವೂ ಅಲ್ಲ, ಒಂದೂವರೆ. ಅದೂ ಅಪ್ಪಚ್ಚಿಗಲ್ಲ, ಅಪ್ಪನಿಗೆ. ಸಾಲವಾಗಿ ಕೊಡುವುದಾದರೆ ಕಾಗದದಲ್ಲಿ ಬರೆದು ಕೊಡಿ, ಸುಮ್ನೆ ಕೊಡುವುದಾದರೆ ಮತ್ತೆ ಯಾವತ್ತೂ ಆ ಮಾತು ಎತ್ತಬೇಡಿ. ಎರಡರ ನಡುವೆ ತೂಗಾಡಬಾರದು. ಮನೆ ಹಾಳಾಗುವುದು ಆ ನಡುವಿನ ಜಾಗದಲ್ಲಿ.

ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಸಾಲದ ಕಾಗದಪತ್ರದ ನಕಲು ತೆಗೆದುಕೊಂಡು ಕಾಸರಗೋಡಿನಲ್ಲೋ ಎಲ್ಲೋ ಒಬ್ಬ ವಕೀಲರಿಗೆ ತೋರಿಸಿ. 1872ರ ಕರಾರು ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಅದರ 128ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಸಾಲ ತೆಗೆದವನಿಗೆ ಇರುವಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಹಾಗಾಗಿ ಮೊದಲು ಅಪ್ಪಚ್ಚಿಯನ್ನು ಹಿಡಿಯಿರಿ ಅಂತ ಬ್ಯಾಂಕಿಗೆ ಹೇಳಿ ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಅಪ್ಪ ಕಟ್ಟಿದ ಹಣವನ್ನು ಅಪ್ಪಚ್ಚಿಯಿಂದ ವಸೂಲಿ ಮಾಡುವ ಹಕ್ಕು ಅಪ್ಪನಿಗೆ ಇದೆ, ಅದು 145ನೇ ಸೆಕ್ಷನ್. ಅಪ್ಪನ ಜೊತೆ ಇನ್ನೊಬ್ಬರು ಜಾಮೀನು ಹಾಕಿದ್ದರೆ ಸಾಮಾನ್ಯವಾಗಿ ಅವರೂ ಸಮಪಾಲು ಕೊಡಬೇಕು. ಎಷ್ಟೋ ಸಾಲಕ್ಕೆ ಇಬ್ಬರು ಜಾಮೀನುದಾರರು ಇರುತ್ತಾರೆ, ನಿಮ್ಮ ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಇದನ್ನೆಲ್ಲ ನೋಡಿ ಅಪ್ಪನ ಹೊರೆ ಇಳಿಸುವ ಓದು ನಿಮ್ಮ ಹತ್ತಿರ ಇದೆ. ಈ ವಾರ ಅಪ್ಪನಿಗೆ ಬೇಕಾಗಿರುವ ವಿಚಾರಬುದ್ಧಿ ಇದೇ ಅಂತ ನನಗೆ ಕಾಣುತ್ತದೆ.

ಇನ್ನು ಕಟ್ಟದ ವಿಚಾರ. ಇದರಲ್ಲಿ ನಾನು ಪೂರ್ತಿ ನೆರೆಮನೆಯವರ ಪರ.

ಕಾಸರಗೋಡಿನ ಹೊರಗಿನ ಓದುಗರಿಗಾಗಿ ಒಂದು ಮಾತು. ಮಳೆ ನಿಂತು ತೋಡಿನ ನೀರು ಸಣ್ಣಗಾದ ಮೇಲೆ ಕಲ್ಲು, ಮಣ್ಣು ಹಾಕಿ, ಈಗೀಗ ಮರಳು ಚೀಲ, ಪ್ಲಾಸ್ಟಿಕ್ ಹಾಳೆಯನ್ನೂ ಬಳಸಿ ತೋಡಿಗೆ ಅಡ್ಡ ಕಟ್ಟುವುದೇ ಕಟ್ಟ. ಹಿಂದೆ ನೀರು ನಿಲ್ಲುತ್ತದೆ, ಎರಡೂ ಬದಿಯ ತೋಟದ ಬಾವಿ, ಕೆರೆಗಳಿಗೆ ಒಳಗಿಂದಲೇ ಒಸರುತ್ತದೆ. ಮಳೆಗಾಲ ಬರುವಾಗ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಕಟ್ಟಬೇಕು. ಏತಡ್ಕ ಕಡೆ ತಲೆಮಾರುಗಳಿಂದ ಹೀಗೆ ನಡೆದು ಬಂದಿದೆ. ತೋಟದವರೇ ಸೇರಿ, ಪಾಲು ಹಾಕಿಕೊಂಡು ಮಾಡುವ ಕೆಲಸ ಇದು. ಸರ್ಕಾರದ ಬಲವಂತ ಇಲ್ಲ, ತೆರಿಗೆ ಇಲ್ಲ. ನೀವು ಓದಿದ ಪುಸ್ತಕದವರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು ಅಂತಲೇ ನನ್ನ ನಂಬಿಕೆ.

ಮತ್ತೆ ನೀವು ಪಾಲು ಕೊಡದಿದ್ದರೂ ನೀರು ನಿಮ್ಮ ತೋಟಕ್ಕೆ ಬರುತ್ತದಲ್ಲ. ಗಡಿಕಲ್ಲು ನೋಡಿ ನೀರು ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಬಾವಿಯಲ್ಲಿ ಪಂಪು ನೀರು ಎತ್ತುವಾಗ ಅದರಲ್ಲಿ ಉಳಿದವರ ದುಡ್ಡು, ಮೈಬೆವರು ಇರುತ್ತದೆ. ಕೊಟ್ಟು ತೆಗೆದುಕೊಳ್ಳಬೇಕು, ಪುಕ್ಕಟೆ ತೆಗೆದುಕೊಳ್ಳಬಾರದು ಅನ್ನುವುದು ನಿಮ್ಮ ತತ್ವದ ಬೆನ್ನೆಲುಬು. ಅಪ್ಪಚ್ಚಿ ಇನ್ನೊಬ್ಬರ ದುಡ್ಡಲ್ಲಿ ಬದುಕಿದ ಅಂತ ಸಿಟ್ಟು ನಿಮಗೆ. ಆ 3,000 ಕೊಡದೆ ನೀವೂ ಸಣ್ಣ ಮಟ್ಟದಲ್ಲಿ ಅದೇ ಸಾಲಲ್ಲಿ ನಿಂತಿರಿ. ಇವತ್ತೇ ಹೋಗಿ ಕೊಡಿ. ಕಟ್ಟದ ಕೆಲಸದ ದಿನ ನೀವೇ ತೋಡಿಗೆ ಇಳಿಯಿರಿ.

ಮಾರುಕಟ್ಟೆಯ ಬಗ್ಗೆ ನೀವು ಬರೆದದ್ದರಲ್ಲಿ ಒಂದು ಮಾತು ಮಾತ್ರ ಹಿಡಿದುಕೊಳ್ಳುತ್ತೇನೆ. ಸಹಕಾರಿ ಅಂದರೆ ಸೋಮಾರಿಗಳ ಕೂಟ ಅಂತ ಬರೆದಿದ್ದಿರಿ. 1970ರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ಬಿದ್ದು ಬೆಳೆಗಾರರು ಕಂಗಾಲಾದಾಗ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೋ ಅನ್ನುವ ತಮ್ಮದೇ ಸಹಕಾರಿ ಸಂಸ್ಥೆ ಕಟ್ಟಿದರು. ಅದು ಖಾಸಗಿ ವ್ಯಾಪಾರಿಗಳ ಎದುರು ಅದೇ ಮಾರುಕಟ್ಟೆಯಲ್ಲಿ ಕೊಂಡು ಮಾರುತ್ತದೆ. ಒಬ್ಬೊಬ್ಬರಿಗೆ ಆಗದ್ದನ್ನು ಸ್ವಂತ ಲಾಭಕ್ಕಾಗಿಯೇ ಹತ್ತು ಜನ ಸೇರಿ ಮಾಡುವುದರಲ್ಲಿ ಸೋಮಾರಿತನ ಎಲ್ಲಿದೆ? ಇನ್ನೊಂದು ವಿಷಯ. ಹೊರಗಿನ ಅಡಿಕೆ ತೀರ ಅಗ್ಗಕ್ಕೆ ಒಳಗೆ ಬರಬಾರದು ಅಂತ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ಇಟ್ಟಿದೆ. 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರಲ್ಲಿ 351ಕ್ಕೆ ಏರಿಸಿದರು. ಅಂಗಳದಲ್ಲಿ ಒಣಗಿಸಿ, ಸುಲಿದು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ದರ್ಜೆ ನೋಡಿ ಅಪ್ಪ ಬೇರೆ ಮಾಡಿಡುವ ಅಡಿಕೆಗೆ ಸಿಗುವ ಬೆಲೆಯ ಹಿಂದೆ ಈ ಬೇಲಿಯೂ ಇದೆ. ಪೂರ್ತಿ ಮುಕ್ತ ಮಾರುಕಟ್ಟೆ ಬೇಕು ಅನ್ನುವವರು ಈ ಬೇಲಿ ತೆಗೆಯಿರಿ ಅಂತ ಸ್ವಂತ ಅಂಗಳದಲ್ಲಿ ನಿಂತು ಹೇಳಬೇಕಾಗುತ್ತದೆ. ನೀವು ಹೇಳಬಹುದು, ಅದೂ ಒಂದು ಪ್ರಾಮಾಣಿಕ ನಿಲುವು. ನನಗೆ ಅದು ಒಪ್ಪಿಗೆ ಇಲ್ಲ. ಅಡಿಕೆ ಮರ ಫಸಲಿಗೆ ಬರಲು ವರ್ಷಗಟ್ಟಲೆ ಕಾಯಬೇಕು, ಧಾರಣೆ ಬಿತ್ತು ಅಂತ ಒಂದು ವರ್ಷದಲ್ಲಿ ತೋಟ ಬದಲಾಯಿಸಲು ಆಗುವುದಿಲ್ಲ.

ಈಗ ನೀವು ಕೇಳಿದ ಕ್ಷಮೆಯ ಪ್ರಶ್ನೆಗೆ ಬರುತ್ತೇನೆ. ತಾಳಮದ್ದಳೆ ಇಷ್ಟಪಡುವ ಮನುಷ್ಯ ವಾದಕ್ಕೆ ಹೆದರಿ ಎದ್ದು ಹೋಗುವುದಿಲ್ಲ. ವಾಲಿವಧೆ ಪ್ರಸಂಗದಲ್ಲಿ ಬಾಣ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಿಗೆ ಇಡೀ ಸಭೆ ಉಸಿರು ಹಿಡಿದು ಕೂರುತ್ತದೆ. ಇವತ್ತು ವಾಲಿಯಾಗಿ ರಾಮನ ಬೆವರಿಳಿಸಿದ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವರು, ಇನ್ನೊಂದು ದಿನ ರಾಮನ ಅರ್ಥ ಹೇಳಲು ಕೂರುತ್ತಾರೆ. ಎದುರಿನವರು ಮಾತು ಮುಗಿಸುವ ತನಕ ಕಾಯುತ್ತಾರೆ, ಅವರು ಹೇಳಿದ ಮಾತನ್ನೇ ಹಿಡಿದು ಉತ್ತರ ಕೊಡುತ್ತಾರೆ. ನಿಮ್ಮ ಅಷ್ಟುದ್ದದ ಪತ್ರದಲ್ಲಿ ಈ ಸಾಲದ ಬಗ್ಗೆ ಅಪ್ಪನ ಮಾತು ಅಂತ ಇದ್ದದ್ದು ನಾಲ್ಕೇ ಶಬ್ದ. ಅಷ್ಟರ ಮೇಲೆ ನೀವು ಅವರಿಗೆ ಮಾತಾಡಲು ಬಿಡಲಿಲ್ಲ ಅಂತ ನನ್ನ ಊಹೆ. ಅಪ್ಪಚ್ಚಿಗೆ ಯಾಕೆ ಸಹಿ ಹಾಕಿದಿರಿ ಅಂತ ಒಂದು ಸಲವಾದರೂ ಕೇಳಿದ್ದೀರಾ?

ನಿಮ್ಮ ವಿಚಾರಕ್ಕಾಗಿ ಕ್ಷಮೆ ಕೇಳಬೇಡಿ, ಬಿಡಲೂ ಬೇಡಿ. ಬಲಿಪಶು ಅಂದದ್ದಕ್ಕೆ ಕೇಳಿ. "ಅಪ್ಪ, ಆ ಮಾತು ತಪ್ಪು, ನೀವು ಹಾಗಲ್ಲ" ಅಂತ ಇಷ್ಟೇ. ಹಿಂದೆ "ಆದರೆ" ಅಂತ ಸೇರಿಸಬೇಡಿ. ಊಟದ ಹೊತ್ತಲ್ಲಿ ಬೇಡ, ಅಮ್ಮನ ಮೂಲಕ ಹೇಳಿಸುವುದೂ ಬೇಡ. ಅವರು ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು ಹೇಳಿ, ಕೈಗೆ ಕೆಲಸ ಇದ್ದರೆ ಮುಖ ನೋಡದೆ ಮಾತಾಡಬಹುದು. ಅಂಥ ಅಪ್ಪಂದಿರಿಗೆ ಅದು ಸುಲಭ.

ಮನೆ ಬಿಡುವುದೂ ತಪ್ಪಲ್ಲ. ಕಂಪನಿ ಕಟ್ಟಲು ಬೆಂಗಳೂರೇ ಬೇಕಾದರೆ ಹೋಗಿ. ಜಗಳ ಆಯಿತು ಅಂತ ಹೋಗಬೇಡಿ, ಆರು ತಿಂಗಳು ಕಳೆಯಲಿ.

ಕೊನೆಗೆ ಆ ಗದ್ದೆ. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಜಾರಿಗೆ ಬಂತು. ನಿಮ್ಮ ಅಪ್ಪ ಆಗ ಸಣ್ಣ ಹುಡುಗ. ಸ್ವಂತದ್ದು ಅಂದುಕೊಂಡಿದ್ದ ಗದ್ದೆ ಹೋದದ್ದನ್ನು ಅವರು ನಿಮ್ಮ ಮನೆಯೊಳಗಿಂದ ನೋಡಿದ್ದಾರೆ. ಉಳುತ್ತಿದ್ದ ನೆರೆಮನೆಯವರಿಗೆ ಅದೇ ದಿನಗಳಲ್ಲಿ ಮೊದಲ ಸಲ ಸ್ವಂತ ಅನ್ನುವ ನೆಲ ಸಿಕ್ಕಿತು, ತನ್ನ ದುಡಿಮೆಯ ಫಲ ತನಗೇ ಅನ್ನುವ ಮಾತು ಅವರಿಗೂ ಅನ್ವಯಿಸುತ್ತದೆ. ಇಷ್ಟೆಲ್ಲ ಆದಮೇಲೂ ನಿಮ್ಮ ಅಪ್ಪ ಇಷ್ಟು ವರ್ಷ ಆ ಮನೆಯವರ ಜೊತೆ ಸೇರಿ ಕಟ್ಟ ಕಟ್ಟುತ್ತಾ ಬಂದಿದ್ದಾರೆ. ಯಾಕೆ, ಹೇಗೆ ಅನ್ನೋದು ಅವರಿಗೇ ಗೊತ್ತು.

ನಿಮ್ಮ ಪತ್ರದ ಕೊನೆಯಲ್ಲಿ, ಇಲ್ಲಿ ಹಾಕದ ಒಂದು ಸಾಲು ಇತ್ತು. ಆ ಪುಸ್ತಕ ಮೊದಲ ಸಲ ನಿಮ್ಮ ಕೈಯಲ್ಲಿ ಕಂಡಾಗ ಅಪ್ಪ, ಇದರಲ್ಲಿ ಏನಿದೆ ಅಂತ ಕೇಳಿದ್ದರಂತೆ. ನಿಮಗೆ ಅರ್ಥ ಆಗಲ್ಲ ಅಂದಿದ್ದಿರಂತೆ. ಐನ್ ರ‍್ಯಾಂಡ್ 1905ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅವರ ಅಪ್ಪನಿಗೆ ಅಲ್ಲಿ ಔಷಧಿ ಅಂಗಡಿ ಇತ್ತು. 1917ರ ಕ್ರಾಂತಿಯ ನಂತರ ಅದನ್ನು ಸರ್ಕಾರ ಕಿತ್ತುಕೊಂಡಿತು, ಆ ಹುಡುಗಿ ಅದನ್ನು ಕಣ್ಣಾರೆ ನೋಡಿದಳು. ಅಪ್ಪನಿಗೆ ಇದನ್ನು ಹೇಳಿ. ಆಮೇಲೆ ಗದ್ದೆ ಹೋದ ವರ್ಷದ ಬಗ್ಗೆ ಅವರನ್ನು ಕೇಳಿ, ಅವರು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.