ನುಡಿ ಫೈಲು, ಹಳೇ ಲ್ಯಾಪ್‌ಟಾಪ್ ಮತ್ತು ನಾಲ್ಕು ಡೌನ್‌ಲೋಡ್ ಬಟನ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಲ್ಯಾಪ್‌ಟಾಪಿಗೆ ಹತ್ತು ವರ್ಷವಾಯಿತು, 4 ಜಿಬಿ ರ‍್ಯಾಮ್ ಇದೆ. ಅದಕ್ಕೆ ವಿಂಡೋಸ್ 11 ಬರುವುದಿಲ್ಲವಂತೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಸೋಣ ಅಂದರೆ ಮಗ ಉಬುಂಟು ಅನ್ನುತ್ತಾನೆ, ಅವನ ಗೆಳೆಯ ಆರ್ಚ್ ಅನ್ನುತ್ತಾನೆ. ಒಂದೇ ಆ್ಯಪ್‌ಗೆ ಡೆಬ್, ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಆ್ಯಪ್‌ಇಮೇಜ್ ಅಂತ ನಾಲ್ಕು ಬಟನ್ ಬೇರೆ. ಯಾವುದನ್ನು ಒತ್ತಲಿ? ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಾಠದ ಟಿಪ್ಪಣಿಗಳೂ ತೆರೆಯಬೇಕು.
– ಓದುಗರು, ತುಮಕೂರು

ಉತ್ತರ: ಮೇಡಂ, ನಿಮ್ಮ ಕೊನೇ ಸಾಲಿನಿಂದಲೇ ಶುರು ಮಾಡೋಣ. ಟಿಪ್ಪಣಿ ತೆರೆಯದಿದ್ದರೆ ಯಾವ ಲಿನಕ್ಸ್ ಹಾಕಿ ಏನು ಪ್ರಯೋಜನ, ಅಲ್ವಾ?

ಹಳೇ ನುಡಿ ಫೈಲುಗಳು ಯೂನಿಕೋಡ್‌ನಲ್ಲಿಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ನುಡಿ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ‘ಕನ್ನಡ’ ಅನ್ನುವ ಪದದಲ್ಲಿ ಪೌಂಡಿನ ಗುರುತು, ತಲೆ ಮೇಲೆ ಗೀಟಿರುವ ಎ ಅಕ್ಷರ ಕಾಣುವುದು ಅದಕ್ಕೇ. ಫೈಲ್ ಹಾಳಾಯಿತು ಅಂತ ಗಾಬರಿ ಬೇಡ. ವಿಂಡೋಸ್ ಅಳಿಸುವ ಮೊದಲು ಅದರ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಒಂದೊಂದನ್ನೂ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಆಮೇಲೆ ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ಫೈಲ್ ತೆರೆಯಿರಿ. ಓದಲು ಬರುತ್ತದೆ. ಪುರುಸೊತ್ತಾದಾಗ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಹೊಸದಾಗಿ ಟೈಪ್ ಮಾಡಲು ಐಬಸ್ ಎಂಬ ಟೈಪಿಂಗ್ ಸಲಕರಣೆ ಮತ್ತು ಅದರ ಎಂ17ಎನ್ ಪ್ಯಾಕೇಜ್ (ಹಲವು ಭಾಷೆಗಳ ಕೀಲಿಮಣೆಗಳು) ಹಾಕಿ, ಕನ್ನಡದ ಪಟ್ಟಿಯಲ್ಲಿ ‘ಕೆಜಿಪಿ’ ಆರಿಸಿ. ಅದು ನಿಮ್ಮ ಬೆರಳಿಗೆ ರೂಢಿಯಾದ ನುಡಿ ಕೀಲಿಮಣೆಯೇ.

ಇನ್ನು ಡಿಸ್ಟ್ರೋ, ಅಂದರೆ ಉಬುಂಟು, ಆರ್ಚ್ ಥರದ ಲಿನಕ್ಸ್ ರೂಪಗಳು. ನಿಮಗೆ ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಸಾಕು. 4 ಜಿಬಿಯಲ್ಲಿ ನಡೆಯುತ್ತದೆ. ಮಿಂಟ್ 22 ಉಬುಂಟು 24.04ರ ಮೇಲೇ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಾಗಾಗಿ ಮಗನ ಮಾತೂ ಉಳಿಯುತ್ತದೆ. ಆರ್ಚ್‌ನಲ್ಲಿ ಅಪ್‌ಡೇಟ್ ನಿಲ್ಲದೆ ಬರುತ್ತಿರುತ್ತವೆ, ಆಗಾಗ ಅದನ್ನು ನೋಡಿಕೊಳ್ಳುವ ಕೈ ಬೇಕು. ಗೆಳೆಯ ಪ್ರತಿ ವಾರ ಮನೆಗೆ ಬರುವುದಾದರೆ ಹಾಕಿಸಿಕೊಳ್ಳಿ!

ನಾಲ್ಕು ಬಟನ್ ವಿಷಯ. ಡೆಬ್ ಅಂದರೆ ಮನೆಯ ಒಂದೇ ಪಾತ್ರೆಯ ಸಾರು ಎಲ್ಲರೂ ಬಡಿಸಿಕೊಂಡ ಹಾಗೆ. ಆ್ಯಪ್‌ಗಳು ಲೈಬ್ರರಿಗಳನ್ನು, ಅಂದರೆ ಓಡಲು ಬೇಕಾದ ಸಾಮಾನ್ಯ ಕೋಡನ್ನು, ಹಂಚಿಕೊಳ್ಳುತ್ತವೆ, ಜಾಗ ಕಡಿಮೆ ಸಾಕು. ಫ್ಲ್ಯಾಟ್‌ಪ್ಯಾಕ್ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತದೆ. ಮೊದಲ ಆ್ಯಪ್ ಹಾಕುವಾಗ ಅದರ ಜೊತೆ ದೊಡ್ಡ ರನ್‌ಟೈಮ್ (ಆ್ಯಪ್ ಓಡಲು ಬೇಕಾದ ಲೈಬ್ರರಿಗಳ ಕಟ್ಟು) ಕೂಡ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ಜೋಕೆ. ಆದರೆ ಹೊಸ ಆವೃತ್ತಿ ಬೇಕೆಂದರೆ ಅದೇ ದಾರಿ. ಚಿತ್ರ ತಿದ್ದುವ ಗಿಂಪ್ ನೋಡಿ: ಮಿಂಟ್ 22ರ ಭಂಡಾರದಲ್ಲಿರುವುದು 2.10. 2025ರಲ್ಲಿ ಬಂದ 3.0 ಬೇಕಾದರೆ ಫ್ಲ್ಯಾಟ್‌ಪ್ಯಾಕ್. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಆ್ಯಪ್ ಹೆಸರಿನ ಪಕ್ಕದಲ್ಲೇ ಸಿಸ್ಟಂ ಪ್ಯಾಕೇಜ್ (ಅಂದರೆ ಡೆಬ್), ಫ್ಲ್ಯಾಟ್‌ಪ್ಯಾಕ್ ಎರಡರಲ್ಲಿ ಒಂದನ್ನು ಆರಿಸಲು ಬಿಡುತ್ತಾರೆ. ನಾನು ಯಾವಾಗಲೂ ಸಿಸ್ಟಂ ಪ್ಯಾಕೇಜನ್ನೇ ಮೊದಲು ನೋಡುತ್ತೇನೆ.

ಸ್ನ್ಯಾಪ್ ತಲೆನೋವು ನಿಮಗಿಲ್ಲ. ಮಿಂಟ್ ಅದನ್ನು ಬಾಗಿಲಲ್ಲೇ ತಡೆದಿದೆ. ಅದರ ಅಂಗಡಿ ಉಬುಂಟು ಮಾಡುವ ಕೆನೋನಿಕಲ್ ಕಂಪನಿಯೊಬ್ಬರ ಕೈಯಲ್ಲಿದೆ ಅನ್ನುವುದು ಹಲವರ ತಕರಾರು. ನನ್ನ ತಕರಾರು ಬೇರೆ: ಹಳೇ ಯಂತ್ರದಲ್ಲಿ ಸ್ನ್ಯಾಪ್ ಆ್ಯಪ್ ಮೊದಲ ಸಲ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ.

ಆ್ಯಪ್‌ಇಮೇಜ್ ಒಂದೇ ಫೈಲು, ಇನ್‌ಸ್ಟಾಲ್ ಬೇಡ. ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಏನೂ ಆಗದಿರಬಹುದು. ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಪರ್ಮಿಷನ್ಸ್‌ನಲ್ಲಿ ಪ್ರೋಗ್ರಾಂ ಆಗಿ ಓಡಲು ಬಿಡಿ ಅನ್ನುವುದಕ್ಕೆ ಟಿಕ್ ಹಾಕಬೇಕು. ಬಹುಪಾಲು ಆ್ಯಪ್‌ಇಮೇಜ್‌ಗಳು ತಾವಾಗಿ ಅಪ್‌ಡೇಟ್ ಆಗುವುದಿಲ್ಲ. ನಾನೇ ಒಂದನ್ನು ಎರಡು ವರ್ಷ ಹಾಗೇ ಬಳಸಿದ್ದೆ, ಹಳತು ಅಂತ ಗೊತ್ತೇ ಆಗಲಿಲ್ಲ.

ಹಾಕಿಸುವ ಮೊದಲು ಮಿಂಟ್ ಅನ್ನು ಪೆನ್‌ಡ್ರೈವಿನಿಂದಲೇ ಒಂದು ಸಂಜೆ ಓಡಿಸಿ ನೋಡಿ. ಹಾರ್ಡ್‌ಡಿಸ್ಕಿಗೆ ಏನೂ ಆಗುವುದಿಲ್ಲ. ವೈಫೈ, ಸೌಂಡ್, ಪ್ರಿಂಟರ್, ಒಂದೆರಡು ನುಡಿ ಫೈಲು, ಇಷ್ಟು ಪರೀಕ್ಷಿಸಿದರೆ ಸಾಕು. ಟಿಪ್ಪಣಿಗಳ ನಕಲು ಮಾತ್ರ ಬೇರೆ ಡಿಸ್ಕಿನಲ್ಲಿ ಇರಲಿ. ಒಳಗೆ ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇದ್ದರೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕು) ಹಾಕಿಸಿ. ಡಿಸ್ಟ್ರೋ ಬದಲಿಸಿದ್ದಕ್ಕಿಂತ ಅದರಿಂದಲೇ ವೇಗ ಜಾಸ್ತಿ ಆಗುತ್ತದೆ.